ರೆಕ್ಕೆಯ ಬೋಲ್ಟು ಮತ್ತು ಅದರ ರಂಧ್ರ: ಸ್ವಯಂನಿರ್ಮಿತ ವಿಮಾನಗಳ ಒಂದು ಸಮಸ್ಯೆ

ತಾವೇ ಕಟ್ಟಿದ ವಿಮಾನದಲ್ಲಿ ತಾವೇ ಕುಳಿತು ಹಾರುವ ಜನರಿದ್ದಾರೆಂಬುದು ನಮ್ಮ ಓದುಗರಲ್ಲಿ ಕೆಲವರಿಗೆ ಸೋಜಿಗವಾಗಿ ತೋರಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಇದು ಬೇರುಬಿಟ್ಟ ಹವ್ಯಾಸ. ೧೯೫೩ರಲ್ಲಿ ಪಾಲ್ ಪೊಬೆರೆಜ್ನಿ ಅವರು ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿಯಲ್ಲಿ ಇಂತಹ ಹವ್ಯಾಸಿಗಳನ್ನು ಕಲೆಹಾಕಿ ‘ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್’ ಎಂಬ ಸಂಘವನ್ನು ಸ್ಥಾಪಿಸಿದರು. ವಿಮಾನದ ಹೆಚ್ಚಿನ ಭಾಗವನ್ನು ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಹವ್ಯಾಸಿಯೇ ನಿರ್ಮಿಸಿದ್ದಾದರೆ, ಕಾರ್ಖಾನೆಯ ವಿಮಾನಗಳಿಗೆ ವಿಧಿಸಿರುವ ವಿನ್ಯಾಸ ಪರೀಕ್ಷೆಗಳಿಗೆ ಒಳಪಡಿಸದೆಯೇ ಅದಕ್ಕೆ ‘ಪ್ರಾಯೋಗಿಕ’ ವರ್ಗದಲ್ಲಿ ಅನುಮತಿ ನೀಡುವುದು ಆ ದೇಶದ ಕಾನೂನು. ಬೆಂಗಳೂರಿಗೂ ಈ ವಿಷಯದೊಡನೆ ಸಂಬಂಧವಿಲ್ಲದಿಲ್ಲ. ಇಂದು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎಂದು ಕರೆಯಲ್ಪಡುವ ಸಂಸ್ಥೆಯು ೧೯೮೦ರ ದಶಕದಲ್ಲಿ, ಸಮತೋಲನದ ಕಿರುರೆಕ್ಕೆಯನ್ನು ಬಾಲದಲ್ಲಿರಿಸದೆ ಮೂಗಿನ ಬಳಿ ಇರಿಸಿದ ಒಂದು ಹಗುರ ವಿಮಾನವನ್ನು ಸಂಶೋಧನಾರ್ಥವಾಗಿ ಕಟ್ಟಿ ಹಾರಿಸಿತು. ಅದಕ್ಕೆ ಆಧಾರವಾದುದು ಬರ್ಟ್ ರೂಟಾನ್ ಅವರು ಹವ್ಯಾಸಿಗಳಿಗೆಂದೇ ರಚಿಸಿದ ‘ಲಾಂಗ್ ಈಜಿ’ ಎಂಬ ವಿನ್ಯಾಸ.

ಪರೀಕ್ಷೆಯ ಹೊರೆ ಇಲ್ಲದಿರುವುದರಿಂದ ಹೊಣೆಯೆಲ್ಲವೂ ಕಟ್ಟುವವನದಾಗುತ್ತದೆ. ಅವನನ್ನು ಕಾಡುವ ಪ್ರಶ್ನೆಗಳಲ್ಲಿ ಒಂದು, ರೆಕ್ಕೆಯನ್ನು ಒಡಲಿಗೆ ಜೋಡಿಸಲು ಯಾವ ಬೋಲ್ಟನ್ನು ಹಾಕಬೇಕು ಎಂಬುದು. ಎಂಜಿನು ನಿಂತುಹೋದರೂ ವಿಮಾನವು ತೇಲಿ ಇಳಿಯಬಲ್ಲುದು. ರೆಕ್ಕೆ ಕಳಚಿದರೆ ಮಾಡಬಹುದಾದುದು ಏನೂ ಉಳಿಯದು. ಆದ್ದರಿಂದ ಆತಂಕ ಸಹಜ. ಆದರೆ ಆತಂಕವೆಲ್ಲವೂ ಬೋಲ್ಟಿನ ಮೇಲೆಯೇ ನೆಲೆಗೊಳ್ಳುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಯೋಗ್ಯವಾದ ಬೋಲ್ಟನ್ನು ಆರಿಸುವುದು ಒಂದು ಸಂಜೆಯ ಲೆಕ್ಕ. ಆ ಬೋಲ್ಟು ಕೂರುವ ರಂಧ್ರವನ್ನೂ ಅದರ ಸುತ್ತಲಿನ ಲೋಹವನ್ನೂ ಯೋಗ್ಯವಾಗಿಸುವುದೇ ಕಷ್ಟದ ಕೆಲಸ. ಸ್ಥಿತಿಶಾಸ್ತ್ರದ ತರಗತಿಯಲ್ಲಿ ನಾವು ಮೊದಲನೆಯದನ್ನು ಕಲಿಸಿ ಅಲ್ಲಿಗೇ ನಿಲ್ಲಿಸುತ್ತೇವಾದುದರಿಂದ, ಈ ಲೇಖನದಲ್ಲಿ ಎರಡನೆಯದಕ್ಕೆ ಹೆಚ್ಚು ಸ್ಥಳವನ್ನು ಕೊಟ್ಟಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ಇಬ್ಬರು ಕೂರುವ, ಹೊರೆಯೂ ಸೇರಿ ೬೦೦ ಕಿಲೋಗ್ರಾಂ ತೂಗುವ ಒಂದು ಪುಟ್ಟ ವಿಮಾನವನ್ನು ಕಲ್ಪಿಸಿಕೊಳ್ಳೋಣ. ರೆಕ್ಕೆಗೆ ಹೊರಗಿನ ಆಧಾರ ಯಾವುದೂ ಇಲ್ಲ; ಗೋಡೆಯಿಂದ ಹೊರಚಾಚಿದ ತೊಲೆಯಂತೆ ಅದು ಬುಡದ ಹಿಡಿತದ ಮೇಲೆಯೇ ನಿಂತಿದೆ. ಜೋಡಣೆಯಿಂದ ತುದಿಯವರೆಗೆ ಉದ್ದ ೪ ಮೀಟರು. ವಿಮಾನವು ಸಮಮಟ್ಟದಲ್ಲಿ ನೇರವಾಗಿ ಹಾರುತ್ತಿರುವಾಗ ಪ್ರತಿಯೊಂದು ರೆಕ್ಕೆಯೂ ೩೦೦ ಕಿಲೋಗ್ರಾಂ ಭಾರವನ್ನು ಎತ್ತಿಹಿಡಿದಿರಬೇಕು. ಈ ಬಲವು ರೆಕ್ಕೆಯ ಉದ್ದಕ್ಕೂ ಹರಡಿದ್ದರೂ, ಬುಡದಿಂದ ಸುಮಾರು ೧.೭೫ ಮೀಟರು ದೂರದಲ್ಲಿ ಒಂದೇ ಬಿಂದುವಿನಲ್ಲಿ ವರ್ತಿಸುತ್ತಿದೆಯೆಂದು ಭಾವಿಸಬಹುದು. ಬಲವನ್ನು ದೂರದಿಂದ ಗುಣಿಸಿದಾಗ ದೊರೆಯುವ ಬಾಗಿಸುವ ಭ್ರಾಮಕವು ೫೨೫ ಕಿಲೋಗ್ರಾಂ-ಮೀಟರು. ರೆಕ್ಕೆಯೊಳಗಿನ ಮುಖ್ಯ ತೊಲೆಗೆ ಮೇಲೊಂದು, ಕೆಳಗೊಂದು ಪಟ್ಟಿಯಿರುತ್ತದೆ. ಇವುಗಳ ನಡುವಣ ಅಂತರ ೧೫ ಸೆಂಟಿಮೀಟರೆಂದು ಇಟ್ಟುಕೊಂಡರೆ, ಮೇಲಿನ ಪಟ್ಟಿಯು ೩,೫೦೦ ಕಿಲೋಗ್ರಾಂ ಬಲದಿಂದ ಒತ್ತಲ್ಪಡುತ್ತದೆ, ಕೆಳಗಿನದು ಅಷ್ಟೇ ಬಲದಿಂದ ಎಳೆಯಲ್ಪಡುತ್ತದೆ. ಏತದ ಉದ್ದ ತೋಳಿನ ತುದಿಯಲ್ಲಿ ಹಾಕಿದ ಸ್ವಲ್ಪ ಬಲವು ಗಿಡ್ಡ ತೋಳಿನಲ್ಲಿ ಹಲವು ಮಡಿಯಾಗುವಂತೆಯೇ, ೩೦೦ ಕಿಲೋಗ್ರಾಂ ಬಲವು ಬೋಲ್ಟಿನ ಬಳಿಗೆ ಬರುವ ಹೊತ್ತಿಗೆ ಹನ್ನೊಂದು ಮಡಿಗೂ ಮಿಗಿಲಾಗಿದೆ.

ಇದು ಶಾಂತವಾದ ಹಾರಾಟದ ಮಾತು. ವಿಮಾನವು ತಿರುಗುವಾಗ, ಮೇಲೇಳುವಾಗ, ಗಾಳಿಯ ಹೊಡೆತಕ್ಕೆ ಸಿಕ್ಕಿದಾಗ ಹೊರೆ ಹೆಚ್ಚುತ್ತದೆ. ಸಾಧಾರಣ ವರ್ಗದ ಸಣ್ಣ ವಿಮಾನಗಳ ವಿಷಯದಲ್ಲಿ ಅಮೆರಿಕದ ಸಾಂಪ್ರದಾಯಿಕ ನಿಯಮವು ಈ ಹೆಚ್ಚಳವನ್ನು ೩.೮ ಮಡಿಯೆಂದು ಹಿಡಿದಿತ್ತು. ಅದರ ಮೇಲೆ ೧.೫ ಮಡಿ ರಕ್ಷಣೆ. ಜೋಡಣೆಯ ಭಾಗಗಳಲ್ಲಿ ಬಲದ ಹಂಚಿಕೆಯನ್ನು ಲೆಕ್ಕವು ನಿಖರವಾಗಿ ಹಿಡಿಯಲಾರದೆಂಬ ಕಾರಣದಿಂದ ಮತ್ತೆ ೧.೧೫ ಮಡಿ. ಮೂರನ್ನೂ ಗುಣಿಸಿದರೆ ಸುಮಾರು ೬.೫೬. ಹೀಗೆ ನಮ್ಮ ಕೆಳಪಟ್ಟಿಯ ಜೋಡಣೆಯು ಮುರಿಯದೆ ತಾಳಿಕೊಳ್ಳಬೇಕಾದ ಬಲವು ೨೨,೯೪೦ ಕಿಲೋಗ್ರಾಂ ಆಯಿತು. ನಾಲ್ಕು ಬೋಲ್ಟುಗಳನ್ನು ಹಾಕಿದರೆ ತಲಾ ೫,೭೩೫ ಕಿಲೋಗ್ರಾಂ.

ಇದೇ ವಿಮಾನದ ರೆಕ್ಕೆಯನ್ನು ಒಡಲಿನ ಮೇಲೆ ಕೂರಿಸಿ, ಒಡಲಿನ ತಳದಿಂದ ರೆಕ್ಕೆಯ ನಡುವಿಗೆ ಓರೆಯಾಗಿ ಒಂದು ಆನುಗೋಲನ್ನು ಕೊಟ್ಟರೆ ಏನಾಗುವುದೆಂಬುದನ್ನು ಇಲ್ಲಿಯೇ ನೋಡಿಬಿಡುವುದು ಉಚಿತ. ಗೋಲು ಬುಡದಿಂದ ೨ ಮೀಟರು ದೂರದಲ್ಲಿ, ರೆಕ್ಕೆಯೊಡನೆ ೩೦ ಡಿಗ್ರಿ ಕೋನದಲ್ಲಿ ಸೇರುತ್ತದೆಯೆನ್ನೋಣ. ಅದೇ ರಕ್ಷಣಾಂಕಗಳನ್ನು ಬಳಸಿದರೆ ಗೋಲಿನಲ್ಲಿ ಹುಟ್ಟುವ ಎಳೆತವು ಸುಮಾರು ೩,೪೪೦ ಕಿಲೋಗ್ರಾಂ ಮಾತ್ರ. ಹೆಸರಿಗೆ ಆನುಗೋಲಾದರೂ ಹಾರಾಟದಲ್ಲಿ ಅದರ ಕೆಲಸ ಆನುವುದಲ್ಲ, ಹಗ್ಗದಂತೆ ಎಳೆದು ಹಿಡಿಯುವುದು. ಎಲ್ಲಿ ನಾಲ್ಕು ದಪ್ಪ ಬೋಲ್ಟುಗಳು ಬೇಕಾಗಿದ್ದವೋ ಅಲ್ಲಿ ಈಗ ಅದಕ್ಕಿಂತ ತೆಳುವಾದ ಒಂದೇ ಬೋಲ್ಟು ಸಾಲುತ್ತದೆ. ಹವ್ಯಾಸಿಗಳ ವಿನ್ಯಾಸಗಳಲ್ಲಿ ಗೋಲಿನ ಅಥವಾ ತಂತಿಯ ಆಧಾರವುಳ್ಳ ರೆಕ್ಕೆಗಳು ಇಷ್ಟು ಹೆಚ್ಚಾಗಿ ಕಂಡುಬರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಸಿಯಾಟಲ್ ನಗರದ ಪೀಟರ್ ಬೋವರ್ಸ್ ಅವರ ‘ಫ್ಲೈ ಬೇಬಿ’ ಎಂಬ ಮರದ ವಿಮಾನವು ೧೯೬೨ರಲ್ಲಿ ಮೇಲೆ ಹೇಳಿದ ಸಂಘದ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದಿತು. ಅದರ ರೆಕ್ಕೆಗಳನ್ನು ಹಿಡಿದಿರುವುದು ತಂತಿಗಳೇ. ವೇಗವನ್ನು ಬಯಸುವವರು ಗೋಲನ್ನು ತೆಗೆದುಹಾಕುತ್ತಾರೆ, ಅದರ ಬೆಲೆಯನ್ನು ಜೋಡಣೆಯಲ್ಲಿ ತೆರುತ್ತಾರೆ.

ಇನ್ನು ಬೋಲ್ಟು. ಈ ಕ್ಷೇತ್ರದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಅಮೆರಿಕದ ಭೂಸೇನೆಯೂ ನೌಕಾಸೇನೆಯೂ ಕೂಡಿ ಗೊತ್ತುಪಡಿಸಿದ ‘ಎ.ಎನ್.’ ಮಾದರಿಯ ಬೋಲ್ಟು. ಎ.ಎನ್. ೪ ಎಂದರೆ ಅಂಗುಲದ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಕಾಲು ಅಂಗುಲ ವ್ಯಾಸವುಳ್ಳದ್ದು, ಎ.ಎನ್. ೬ ಎಂದರೆ ೩/೮ ಅಂಗುಲದ್ದು. ಇವುಗಳ ಉಕ್ಕು ಎಳೆತಕ್ಕೆ ಚದರಂಗುಲಕ್ಕೆ ೧,೨೫,೦೦೦ ಪೌಂಡುಗಳನ್ನೂ ಅಡ್ಡಲಾಗಿ ಕತ್ತರಿಸುವ ಬಲಕ್ಕೆ ೭೫,೦೦೦ ಪೌಂಡುಗಳನ್ನೂ ತಡೆಯುತ್ತದೆ. ರೆಕ್ಕೆಯ ಜೋಡಣೆಯಲ್ಲಿ ನಮಗೆ ಬೇಕಾದುದು ಎರಡನೆಯದು. ಒಂದು ಕಡೆ ಮಾತ್ರ ಕತ್ತರಿಸಲ್ಪಡುವಾಗ ಕಾಲು ಅಂಗುಲದ ಬೋಲ್ಟು ಸುಮಾರು ೧,೬೭೦ ಕಿಲೋಗ್ರಾಂ, ೫/೧೬ ಅಂಗುಲದ್ದು ೨,೬೧೦, ೩/೮ ಅಂಗುಲದ್ದು ೩,೭೫೫ ಕಿಲೋಗ್ರಾಂ ತಡೆಯುತ್ತವೆ. ಎರಡು ಕವಲುಗಳ ನಡುವೆ ಒಂದು ನಾಲಿಗೆಯನ್ನು ಸೇರಿಸಿ ಬೋಲ್ಟನ್ನು ಮೂರರಲ್ಲಿಯೂ ಹಾಯಿಸಿದರೆ ಅದು ಎರಡು ಕಡೆ ಕತ್ತರಿಸಲ್ಪಡಬೇಕಾಗುವುದರಿಂದ ಬಲವು ಇಮ್ಮಡಿಯಾಗುತ್ತದೆ. ಈ ಜೋಡಿ ಕತ್ತರಿಯ ಏರ್ಪಾಡಿನಲ್ಲಿ ೩/೮ ಅಂಗುಲದ ಬೋಲ್ಟು ೭,೫೧೦ ಕಿಲೋಗ್ರಾಂ ತಡೆಯುತ್ತದೆ. ನಮಗೆ ಬೇಕಾದುದು ೫,೭೩೫. ಗೋಲಿನ ವಿಮಾನಕ್ಕೆ ಇದೇ ಏರ್ಪಾಡಿನ ೫/೧೬ ಅಂಗುಲದ ಒಂದು ಬೋಲ್ಟು ಸಾಕು. ಸಂಜೆಯ ಲೆಕ್ಕ ಇಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಸಿಕ್ಕುವ ಯಂತ್ರದ ಬೋಲ್ಟನ್ನೇ ಏಕೆ ಹಾಕಬಾರದೆಂದು ಕೇಳುವವರುಂಟು. ತಲೆಯ ಮೇಲೆ ಆರು ಗೀಟುಗಳುಳ್ಳ ಎಂಟನೆಯ ದರ್ಜೆಯ ಬೋಲ್ಟಿನ ಎಳೆತದ ಬಲ ಚದರಂಗುಲಕ್ಕೆ ೧,೫೦,೦೦೦ ಪೌಂಡು, ಎ.ಎನ್. ಬೋಲ್ಟಿಗಿಂತ ಅದು ಹೆಚ್ಚೇ. ಆದರೆ ಅದರ ಕಾಂಡದ ವ್ಯಾಸವು ಅಷ್ಟು ನಿಯತವಾಗಿರುವುದಿಲ್ಲ. ತಿರುಪು ಕಾಂಡದ ಬಹುಭಾಗವನ್ನು ಆಕ್ರಮಿಸಿರುವುದರಿಂದ ತಿರುಪಿನ ಹಲ್ಲುಗಳೇ ರಂಧ್ರದ ಗೋಡೆಗೆ ಒತ್ತಿಕೊಳ್ಳುತ್ತವೆ. ಅಲ್ಲಿ ಬೋಲ್ಟಿನ ಅಡ್ಡಕೊಯ್ತವೂ ಕಡಿಮೆ, ರಂಧ್ರಕ್ಕೆ ಗೀರುಗಳೂ ಹೆಚ್ಚು. ವಿಮಾನದ ಬೋಲ್ಟು ತಕ್ಕಮಟ್ಟಿಗೆ ಮೆದುವಾಗಿರುವುದು ಉದ್ದೇಶಪೂರ್ವಕವಾದುದೇ: ಮುರಿಯುವ ಮುನ್ನ ಅದು ಬಾಗುತ್ತದೆ. ಎಂಟನೆಯ ದರ್ಜೆಯದು ಯಾವಾಗಲೂ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಟ್ರಾಕ್ಟರಿಗೆ ಅದು ಒಳ್ಳೆಯದು.

ಇದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು ಪ್ರಶ್ನೆ. ವಿಮಾನಗಳಿಗಾಗಿಯೇ ತಯಾರಾಗುವ ‘ಎನ್.ಎ.ಎಸ್.’ ಮಾದರಿಯ ಬೋಲ್ಟುಗಳಲ್ಲಿ ಕತ್ತರಿ ಬಲವು ಚದರಂಗುಲಕ್ಕೆ ೯೫,೦೦೦ ಪೌಂಡು ಇರುವಂಥವು ದೊರೆಯುತ್ತವೆ. ಅವುಗಳಲ್ಲಿ ೫/೧೬ ಅಂಗುಲದ ಬೋಲ್ಟು ಜೋಡಿ ಕತ್ತರಿಯಲ್ಲಿ ಸುಮಾರು ೬,೬೧೦ ಕಿಲೋಗ್ರಾಂ ತಡೆಯುತ್ತದೆ. ಹಾಗಾದರೆ ೩/೮ರ ಬದಲು ಇದನ್ನೇ ಹಾಕಿ ತೂಕವನ್ನು ಉಳಿಸಬಾರದೇಕೆ? ಉತ್ತರವು ಬೋಲ್ಟಿನಲ್ಲಿಲ್ಲ, ಅದು ಒತ್ತುವ ಪಟ್ಟಿಯಲ್ಲಿದೆ. ಬೋಲ್ಟಿನ ವ್ಯಾಸವನ್ನು ಪಟ್ಟಿಯ ದಪ್ಪದಿಂದ ಗುಣಿಸಿದಾಗ ಬರುವ ವಿಸ್ತಾರವೇ ಬಲವನ್ನು ಹೊರುವ ಪೀಠ. ವಿಮಾನಗಳಲ್ಲಿ ಬಳಸುವ ೨೦೨೪ ಎಂಬ ಅಲ್ಯೂಮಿನಿಯಮ್ ಮಿಶ್ರಲೋಹವು ಇಂತಹ ಒತ್ತನ್ನು ಚದರ ಮಿಲಿಮೀಟರಿಗೆ ೭೦ ಕಿಲೋಗ್ರಾಂ ತಾಳುತ್ತದೆಂದು ಎಚ್ಚರಿಕೆಯಿಂದ ಹಿಡಿದರೆ, ೩/೮ ಅಂಗುಲದ ಬೋಲ್ಟಿಗೆ ಪಟ್ಟಿಯು ೮.೬ ಮಿಲಿಮೀಟರು ದಪ್ಪವಿರಬೇಕು. ಬೋಲ್ಟನ್ನು ೫/೧೬ಕ್ಕೆ ಇಳಿಸಿದರೆ ಅದೇ ಪಟ್ಟಿಯು ೧೦.೩ ಮಿಲಿಮೀಟರಾಗಬೇಕು. ಬೋಲ್ಟಿನಲ್ಲಿ ಉಳಿಸಿದ ತೂಕ ಪಟ್ಟಿಯಲ್ಲಿ ಮರಳಿ ಬಂತು. ಪಟ್ಟಿಯನ್ನು ದಪ್ಪವಾಗಿಸಲು ಮರೆತವನ ಜೋಡಣೆಯು ಬಲವಾದ ಬೋಲ್ಟಿನಿಂದಲೇ ದುರ್ಬಲವಾಯಿತು. ಉಕ್ಕು ಬಹಳ ಗಡುಸಾದಷ್ಟೂ ಇನ್ನೊಂದು ತೊಡಕು ಸೇರುತ್ತದೆ. ತುಕ್ಕು ಹಿಡಿಯದಂತೆ ಲೇಪ ಕೊಡುವಾಗ ಒಳಸೇರುವ ಹೈಡ್ರೋಜನ್ ಅನಿಲವನ್ನು ಕಾಯಿಸಿ ಹೊರಹಾಕದಿದ್ದರೆ, ಅಂತಹ ಬೋಲ್ಟು ಯಾವ ಸೂಚನೆಯನ್ನೂ ಕೊಡದೆ ಗಾಜಿನಂತೆ ಸಿಡಿಯಬಲ್ಲುದು.

ಹೀಗೆ ನಾವು ರಂಧ್ರದ ಬಳಿಗೆ ಬಂದೆವು. ರಂಧ್ರದ ಕೇಂದ್ರದಿಂದ ಪಟ್ಟಿಯ ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟು ದೂರವಿರಬೇಕೆಂಬುದು ಹಳೆಯ ನಿಯಮ. ಕಡಮೆಯಾದರೆ ಬೋಲ್ಟು ಅಂಚನ್ನು ಹರಿದುಕೊಂಡು ಹೊರಬರುತ್ತದೆ. ರಂಧ್ರವನ್ನು ಕೊರೆದ ಮೇಲೆ ಎರಡು ಬದಿಗಳಲ್ಲಿ ಉಳಿಯುವ ಲೋಹವೂ ಎಳೆತವನ್ನು ತಾಳಬೇಕು. ೨೦೨೪ ಲೋಹದ ಎಳೆತದ ಬಲವು ಚದರ ಮಿಲಿಮೀಟರಿಗೆ ಸುಮಾರು ೪೩ ಕಿಲೋಗ್ರಾಂ. ೨೨,೯೪೦ ಕಿಲೋಗ್ರಾಂ ಬಲಕ್ಕೆ ಸುಮಾರು ೫೩೪ ಚದರ ಮಿಲಿಮೀಟರು ಲೋಹ ಉಳಿದಿರಬೇಕು. ಪಟ್ಟಿ ೯ ಮಿಲಿಮೀಟರು ದಪ್ಪವಿದ್ದು ಬೋಲ್ಟುಗಳು ಒಂದರ ಹಿಂದೊಂದರಂತೆ ಸಾಲಾಗಿದ್ದರೆ ಅದರ ಅಗಲ ಸುಮಾರು ೭೦ ಮಿಲಿಮೀಟರು.

ಇಷ್ಟನ್ನು ಮಾಡಿದವನು ಒಮ್ಮೆಯ ಹೊರೆಯಿಂದ ಪಾರಾದನು. ಆದರೆ ರೆಕ್ಕೆಯ ಮೇಲೆ ಹೊರೆ ಒಮ್ಮೆ ಬಂದು ಹೋಗುವಂಥದಲ್ಲ. ನೆಲದ ಮೇಲೆ ನಿಂತಾಗ ರೆಕ್ಕೆಯು ತನ್ನ ತೂಕದಿಂದ ಕೆಳಕ್ಕೆ ಜಗ್ಗುತ್ತದೆ, ಹಾರಿದಾಗ ಮೇಲಕ್ಕೆ ಬಾಗುತ್ತದೆ, ಪ್ರತಿಯೊಂದು ಗಾಳಿಯ ಹೊಡೆತಕ್ಕೂ ನಡುಗುತ್ತದೆ. ಸಮಮಟ್ಟದ ಹಾರಾಟದಲ್ಲಿ ನಮ್ಮ ಕೆಳಪಟ್ಟಿಯ ಉಳಿದ ಲೋಹದಲ್ಲಿ ಸರಾಸರಿ ಪೀಡನವು ಚದರ ಮಿಲಿಮೀಟರಿಗೆ ೬.೫ ಕಿಲೋಗ್ರಾಂ ಮಾತ್ರ. ಆದರೆ ಹೊಳೆಯ ನೀರು ಕಂಬವನ್ನು ಬಳಸಿ ಹೋಗುವಾಗ ಕಂಬದ ಎರಡು ಪಕ್ಕಗಳಲ್ಲಿ ವೇಗವಾಗಿ ಹರಿಯುವಂತೆ, ಬಲವು ರಂಧ್ರವನ್ನು ಬಳಸಿ ಹೋಗುವಾಗ ಅದರ ಎರಡು ಪಕ್ಕಗಳಲ್ಲಿ ದಟ್ಟವಾಗುತ್ತದೆ. ಅಲ್ಲಿಯ ಪೀಡನವು ಸರಾಸರಿಯ ಸುಮಾರು ಮೂರರಷ್ಟು, ಅಂದರೆ ೨೦ ಕಿಲೋಗ್ರಾಮಿನ ಹತ್ತಿರ. ರಂಧ್ರದ ಗೋಡೆಯಲ್ಲಿ ಒಂದು ಗೀರೋ ತುಕ್ಕಿನ ಒಂದು ಚಿಕ್ಕ ಕುಳಿಯೋ ಇದ್ದರೆ ಅದು ಮತ್ತೂ ಹೆಚ್ಚು. ಉಕ್ಕಿಗೆ, ಪೀಡನವು ಒಂದು ಮಿತಿಯ ಕೆಳಗಿದ್ದರೆ ಎಷ್ಟು ಸಲ ಬಂದರೂ ಸಹಿಸುವ ಗುಣವಿದೆ. ಅಲ್ಯೂಮಿನಿಯಮಿಗೆ ಅಂತಹ ನಿಶ್ಚಿತ ಮಿತಿಯಿಲ್ಲ; ಅದು ಪ್ರತಿಯೊಂದು ಆವರ್ತನವನ್ನೂ ನೆನಪಿಟ್ಟುಕೊಳ್ಳುತ್ತದೆ. ಲೋಹದ ದಣಿವು ಎಂದು ನಾವು ಕರೆಯುವುದು ಇದನ್ನೇ.

ಇದನ್ನು ವಿಮಾನಯಾನವು ದುಃಖದಿಂದಲೇ ಕಲಿಯಿತು. ೧೯೪೫ರ ಜನವರಿ ೩೧ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಸ್ಟಿನ್ಸನ್ ವಿಮಾನವೊಂದರ ರೆಕ್ಕೆಯು ಹಾರಾಟದಲ್ಲಿ ಕಳಚಿಬಿದ್ದು ಅದರಲ್ಲಿದ್ದ ಹತ್ತು ಮಂದಿಯೂ ಸತ್ತರು. ಮುಖ್ಯ ತೊಲೆಯ ಕೆಳಭಾಗದ ಜೋಡಣೆಯಲ್ಲಿ ದಣಿವಿನ ಬಿರುಕು ಬೆಳೆದಿತ್ತು. ೧೯೪೮ರ ಆಗಸ್ಟ್ ೨೯ರಂದು ಅಮೆರಿಕದ ಮಿಸಿಸಿಪಿ ನದಿಯ ದಂಡೆಯಲ್ಲಿ ಮಾರ್ಟಿನ್ ೨-೦-೨ ವಿಮಾನವೊಂದು ಅದೇ ರೀತಿಯಲ್ಲಿ ಬಿದ್ದು ೩೭ ಜನ ಮಡಿದರು. ಅಲ್ಲಿಯೂ ಬಿರುಕು ಹುಟ್ಟಿದ್ದು ರೆಕ್ಕೆಯ ಬುಡದ ಜೋಡಣೆಯ ಭಾಗದಲ್ಲಿ.

ಇವು ಹಳೆಯ ಕಾಲದವೆಂದು ಯಾರಾದರೂ ಸಮಾಧಾನ ಮಾಡಿಕೊಂಡರೆ ೨೦೧೮ರ ಏಪ್ರಿಲ್ ೪ರ ಸಂಗತಿಯನ್ನು ಮುಂದಿಡಬೇಕಾಗುತ್ತದೆ. ಫ್ಲಾರಿಡ ಪ್ರಾಂತದ ಡೇಟೋನ ಬೀಚ್ ನಗರದಲ್ಲಿ, ವಿದ್ಯಾರ್ಥಿಗಳ ತರಬೇತಿಗಾಗಿ ಬಳಸುತ್ತಿದ್ದ ಪೈಪರ್ ಪಿ.ಎ. ೨೮ಆರ್ ಜಾತಿಯ ವಿಮಾನವೊಂದು ನೆಲಕ್ಕೆ ತಾಗಿ ಮತ್ತೆ ಮೇಲೇರುತ್ತಿದ್ದಾಗ ಅದರ ಎಡರೆಕ್ಕೆಯು ಒಡಲಿನಿಂದ ಬೇರ್ಪಟ್ಟಿತು. ಪರೀಕ್ಷೆ ಕೊಡುತ್ತಿದ್ದ ಯುವಕನೂ ಪರೀಕ್ಷಕರೂ ಮೃತರಾದರು. ವಿಮಾನಕ್ಕೆ ಹನ್ನೊಂದು ವರ್ಷ ವಯಸ್ಸು. ಹಾರಿದುದು ೭,೬೦೦ ಗಂಟೆಗಳಿಗೂ ಸ್ವಲ್ಪ ಹೆಚ್ಚು. ತನಿಖೆಯಲ್ಲಿ ಬೋಲ್ಟುಗಳ ಬಲದಲ್ಲಿ ಕೊರತೆ ಕಾಣಲಿಲ್ಲ. ಬಿರುಕು ಇದ್ದುದು ತೊಲೆಯ ಕೆಳಪಟ್ಟಿಯಲ್ಲಿ, ಒಂದು ಬೋಲ್ಟಿನ ರಂಧ್ರದ ಬಳಿ. ಅದು ಪಟ್ಟಿಯ ಬಹುಭಾಗವನ್ನು ತಿಂದುಹಾಕುವವರೆಗೂ ಹೊರಗೆ ಯಾರ ಕಣ್ಣಿಗೂ ಬೀಳಲಿಲ್ಲ. ಬಲರೆಕ್ಕೆಯಲ್ಲಿಯೂ ಅದೇ ಸ್ಥಳದಲ್ಲಿ ಬಿರುಕು ಹುಟ್ಟಿತ್ತು. ಇದರ ಪರಿಣಾಮವಾಗಿ ಈ ಮಾದರಿಯ ಬಹು ಹಾರಿದ ವಿಮಾನಗಳ ಬೋಲ್ಟುಗಳನ್ನು ತೆಗೆದು, ರಂಧ್ರಗಳ ಒಳಗೋಡೆಯನ್ನು ಸುಳಿ ವಿದ್ಯುತ್ತಿನ ಉಪಕರಣದಿಂದ ಪರೀಕ್ಷಿಸಬೇಕೆಂಬ ಸರ್ಕಾರೀ ಆಜ್ಞೆಯು ೨೦೨೧ರ ಆರಂಭದಿಂದ ಜಾರಿಗೆ ಬಂದಿತು. ಆಜ್ಞೆಯು ನೋಡಲು ಹೇಳಿದುದು ರಂಧ್ರವನ್ನು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಾರ್ಖಾನೆಯ ವಿಮಾನಕ್ಕೇ ಹೀಗಾದ ಮೇಲೆ ಹವ್ಯಾಸಿಯು ಮಾಡಬೇಕಾದುದೇನು? ಮೊದಲನೆಯದಾಗಿ, ರಂಧ್ರವನ್ನು ಬೈರಿಗೆಯಿಂದ ಪೂರ್ಣ ಅಳತೆಗೆ ಕೊರೆಯಬಾರದು. ಬೈರಿಗೆಯು ತುಸು ಓಲಾಡಿ, ಪೂರ್ತಿ ದುಂಡಲ್ಲದ, ಸುರುಳಿ ಗೀರುಗಳುಳ್ಳ, ಉದ್ದೇಶಿಸಿದುದಕ್ಕಿಂತ ತುಸು ದೊಡ್ಡದಾದ ರಂಧ್ರವನ್ನು ಮಾಡುತ್ತದೆ. ಚಿಕ್ಕದಾಗಿ ಕೊರೆದು, ಕೂಡಬೇಕಾದ ಭಾಗಗಳನ್ನೆಲ್ಲ ಒಟ್ಟಿಗೆ ಬಿಗಿದು, ರೀಮರಿನಿಂದ ಒಂದೇ ಸಲಕ್ಕೆ ಅಳತೆಗೆ ತರಬೇಕು. ಬಳಿಕ ಭಾಗಗಳನ್ನು ಬಿಡಿಸಿ, ನಡುವೆ ಸಿಕ್ಕಿದ ಲೋಹದ ಚೂರುಗಳನ್ನು ಒರೆಸಿ, ರಂಧ್ರದ ಅಂಚಿನ ಮುಳ್ಳುಗಳನ್ನು ಹಗುರವಾಗಿ ಸವರಿ ತೆಗೆಯಬೇಕು. ಈ ಅಂಚಿನ ವಿಷಯ ಅಲ್ಪವೆಂದು ತೋರಬಹುದು. ೨೦೨೩ರಲ್ಲಿ ಸ್ವಯಂನಿರ್ಮಿತ ವಿಮಾನಗಳ ಪ್ರಸಿದ್ಧ ತಯಾರಕರಾದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯು ಕೊಂಡವರಿಗೆ ಕಳುಹಿಸಿದ್ದ ಭಾಗಗಳಲ್ಲಿ, ಲೇಸರ್ ಕಿರಣದಿಂದ ಕತ್ತರಿಸಿದ ರಿವೆಟ್ ರಂಧ್ರಗಳ ಅಂಚಿನಲ್ಲಿ ಬಿರುಕುಗಳು ಕಂಡುಬಂದವು. ಬಹುಸಂಖ್ಯೆಯ ಭಾಗಗಳನ್ನು ಬದಲಿಸಿಕೊಡಬೇಕಾಯಿತು. ಲೋಹವೂ ಸರಿಯಾಗಿತ್ತು, ರಿವೆಟ್ಟೂ ಸರಿಯಾಗಿತ್ತು. ರಂಧ್ರವನ್ನು ಮಾಡಿದ ರೀತಿಯಲ್ಲಿ ದೋಷವಿತ್ತು.

ಎರಡನೆಯದು ಬೋಲ್ಟಿಗೂ ರಂಧ್ರಕ್ಕೂ ಇರುವ ಸಡಿಲ. ಸಾಧಾರಣ ಎ.ಎನ್. ಬೋಲ್ಟಿನ ಕಾಂಡವು ಹೆಸರಿನ ಅಳತೆಗಿಂತ ಅಂಗುಲದ ಸಾವಿರದ ಕೆಲವು ಅಂಶಗಳಷ್ಟು ಕಿರಿದಾಗಿರುತ್ತದೆ. ಒಂದೇ ಬೋಲ್ಟು ಇರುವಲ್ಲಿ ಇದರಿಂದ ಅಂತಹ ಬಾಧೆಯಿಲ್ಲ. ನಾಲ್ಕು ಬೋಲ್ಟುಗಳಿರುವಲ್ಲಿ ಬಾಧೆಯಿದೆ. ಪಲ್ಲಕ್ಕಿಯನ್ನು ಹೊತ್ತ ನಾಲ್ವರಲ್ಲಿ ಎತ್ತರದವನ ಹೆಗಲಿಗೇ ಭಾರ ಬೀಳುವಂತೆ, ಯಾವ ಬೋಲ್ಟು ತನ್ನ ರಂಧ್ರದ ಗೋಡೆಯನ್ನು ಮೊದಲು ಮುಟ್ಟುವುದೋ ಅದೇ ಹೊರೆಯನ್ನೆಲ್ಲ ಹೊರುತ್ತದೆ. ಸಮಮಟ್ಟದ ಹಾರಾಟದ ೩,೫೦೦ ಕಿಲೋಗ್ರಾಂ ಒಂದೇ ಬೋಲ್ಟಿನ ಮೇಲೆ ಬಂದರೂ ಬೋಲ್ಟಿಗೆ ಅದು ಲೆಕ್ಕವಲ್ಲ. ಆದರೆ ಅದರ ರಂಧ್ರದ ಮೇಲಿನ ಒತ್ತು, ಸಮವಾಗಿ ಹಂಚಿಹೋಗಿದ್ದರೆ ಚದರ ಮಿಲಿಮೀಟರಿಗೆ ೧೦ ಕಿಲೋಗ್ರಾಂ ಇರಬೇಕಾದುದು, ೪೧ ಆಗುತ್ತದೆ. ಒಮ್ಮೆಯ ಮಹಾಭಾರಕ್ಕೆ ಲೋಹವು ಮಣಿದು ಉಳಿದ ಮೂರಕ್ಕೂ ಪಾಲು ಕೊಡುವುದರಿಂದ ಬಲಪರೀಕ್ಷೆಯಲ್ಲಿ ಈ ದೋಷ ಕಾಣಿಸದು. ಸಾವಿರ ಗಂಟೆಗಳ ಬಳಿಕ ಕಾಣಿಸುತ್ತದೆ. ಆದುದರಿಂದ ಹಲವು ಬೋಲ್ಟುಗಳು ಕೂಡಿ ಹೊರುವ ಜೋಡಣೆಗೆ, ಕಾಂಡವನ್ನು ಸಾಣೆ ಹಿಡಿದು ನಿಖರಗೊಳಿಸಿದ, ತಲೆಯ ಮೇಲೆ ತ್ರಿಕೋನದ ಗುರುತುಳ್ಳ ಬೋಲ್ಟುಗಳನ್ನೇ ಆರಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಹೆಚ್ಚು ಬೆಲೆ ಕೊಡಬೇಕಾದುದು ಅದರ ಬಲಕ್ಕಲ್ಲ, ಅದರ ವ್ಯಾಸಕ್ಕೆ.

ಉಳಿದ ಸಾಮಗ್ರಿಗಳ ವಿಷಯ ಬೇಗ ಮುಗಿಯುತ್ತದೆ. ಬೋಲ್ಟಿನ ತಿರುಪಿಲ್ಲದ ಭಾಗದ ಉದ್ದವು ಕೂಡುವ ಭಾಗಗಳ ಒಟ್ಟು ದಪ್ಪಕ್ಕೆ ಸಮನಾಗಿರಬೇಕು. ಚಿಲ್ಲರೆ ವ್ಯತ್ಯಾಸವನ್ನು ವಾಷರುಗಳಿಂದ ಸರಿದೂಗಿಸಬೇಕು. ಗೋಲಿನ ತುದಿಯಂತೆ ಸ್ವಲ್ಪವಾದರೂ ತಿರುಗಾಡುವ ಜೋಡಣೆಗೆ ಕಿರೀಟದಂತೆ ಸೀಳುಗಳುಳ್ಳ ನಟ್ಟೂ ಅದರಲ್ಲಿ ಹಾಯುವ ಕಾಟರ್ ಪಿನ್ನೂ ಬೇಕು; ನೈಲಾನ್ ಉಂಗುರದ ನಟ್ಟು ಅಲ್ಲಿ ಸಲ್ಲದು. ಬಿಗಿಯುವಿಕೆಯನ್ನು ಕೈಯಂದಾಜಿಗೆ ಬಿಡಬಾರದು. ೩/೮ ಅಂಗುಲದ ಸಣ್ಣ ತಿರುಪಿನ ಬೋಲ್ಟಿಗೆ ಒಣ ತಿರುಪಿನಲ್ಲಿ ೧೬೦ರಿಂದ ೧೯೦ ಅಂಗುಲ-ಪೌಂಡು, ಅಂದರೆ ೧೮ರಿಂದ ೨೧ ನ್ಯೂಟನ್-ಮೀಟರು. ತಿರುಪಿಗೆ ಎಣ್ಣೆ ಹಚ್ಚಿ ಅದೇ ಅಂಕಿಗೆ ಬಿಗಿದರೆ ಬೋಲ್ಟು ಉದ್ದೇಶಿಸಿದುದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ತುಕ್ಕು ಹಿಡಿಯದ ಉಕ್ಕಿನ ಬೋಲ್ಟು ಹೊಳೆಯುತ್ತದೆಂದು ಅದನ್ನು ಅಲ್ಯೂಮಿನಿಯಮಿಗೆ ಹಾಕುವವರುಂಟು. ತೇವವಿದ್ದಲ್ಲಿ ಈ ಎರಡು ಲೋಹಗಳು ವಿದ್ಯುತ್ಕೋಶದಂತೆ ವರ್ತಿಸಿ, ಬೋಲ್ಟು ಹೊಳೆಯುತ್ತಲೇ ಇದ್ದು ರಂಧ್ರವು ಸವೆಯುತ್ತದೆ. ಕ್ಯಾಡ್ಮಿಯಮ್ ಲೇಪವುಳ್ಳ ಸಾಧಾರಣ ಬೋಲ್ಟಿನಲ್ಲಿ ಲೇಪವೇ ಮೊದಲು ಸವೆದು ಅಲ್ಯೂಮಿನಿಯಮನ್ನು ಕಾಯುತ್ತದೆ. ಮರದ ತೊಲೆಯಲ್ಲಿ ಬೋಲ್ಟಿನ ಒತ್ತನ್ನು ತಾಳುವ ಶಕ್ತಿಯು ಲೋಹಕ್ಕಿಂತ ಬಹಳ ಕಡಮೆಯಾದುದರಿಂದ, ಇಕ್ಕೆಲದಲ್ಲಿಯೂ ಉಕ್ಕಿನ ಫಲಕಗಳನ್ನು ಹಚ್ಚಿ, ಬೇಕಾದಲ್ಲಿ ದಪ್ಪ ಕೊಳವೆಯನ್ನು ರಂಧ್ರದಲ್ಲಿ ತೊಡಿಸಿ, ಪೀಠವನ್ನು ಹಿಗ್ಗಿಸುತ್ತಾರೆ. ರೆಕ್ಕೆಯನ್ನು ಮಡಿಸಿ ಮನೆಗೆ ಒಯ್ಯುವಂತಹ ವಿಮಾನಗಳಲ್ಲಿ ಪಿನ್ನನ್ನು ಮತ್ತೆ ಮತ್ತೆ ತೆಗೆದು ಹಾಕುವುದರಿಂದ ಸವೆತವನ್ನು ತಪ್ಪಿಸುವಂತಿಲ್ಲ. ಅಲ್ಲಿ ಬದಲಿಸಬಹುದಾದ ಕೊಳವೆಗಳು ಅನುಕೂಲಕ್ಕಾಗಿ ಅಲ್ಲ, ಅವಶ್ಯಕವಾಗಿ ಬೇಕು.

ಒಂದು ಎಚ್ಚರಿಕೆ ಉಳಿದಿದೆ. ತಲೆಯ ಗುರುತು ಸರಿಯಾಗಿದ್ದ ಮಾತ್ರಕ್ಕೆ ಬೋಲ್ಟು ಸರಿಯಾದುದೆಂದು ನಂಬುವಂತಿಲ್ಲ. ಕೀಳು ಉಕ್ಕಿನ ಮೇಲೆ ಮೇಲುದರ್ಜೆಯ ಗುರುತನ್ನು ಒತ್ತಿ ಮಾರುವ ವಂಚನೆಯು ಬೆಳೆದುದರಿಂದಲೇ ಅಮೆರಿಕದಲ್ಲಿ ೧೯೯೦ರಲ್ಲಿ ಬೋಲ್ಟು ನಟ್ಟುಗಳ ಗುಣಮಟ್ಟಕ್ಕಾಗಿ ಪ್ರತ್ಯೇಕ ಶಾಸನವನ್ನು ಮಾಡಬೇಕಾಯಿತು. ಯಾವ ತಂಡದಲ್ಲಿ ತಯಾರಾದುದೆಂಬ ಪತ್ರವಿಲ್ಲದ ಬೋಲ್ಟನ್ನು, ಎಷ್ಟೇ ಅಗ್ಗವಾಗಿ ಬಂದರೂ, ರೆಕ್ಕೆಯಿಂದ ದೂರವಿಡುವುದು ಲೇಸು.

ಕೊನೆಯದಾಗಿ, ಕಟ್ಟುವಾಗಲೇ ನೋಡುವುದಕ್ಕೆ ದಾರಿಯನ್ನು ಬಿಡಬೇಕು. ಜೋಡಣೆಯ ಬಳಿ ತೆಗೆಯಬಹುದಾದ ಒಂದು ಚಿಕ್ಕ ಮುಚ್ಚಳವಿದ್ದರೆ ಬೋಲ್ಟಿನ ತಲೆಯ ಸುತ್ತ ಕಪ್ಪು ಹುಡಿ ಕೂತಿದೆಯೇ ಎಂದು ಪ್ರತಿ ವರ್ಷವೂ ನೋಡಬಹುದು. ಅಲ್ಯೂಮಿನಿಯಮ್ ಉಜ್ಜಿ ಉದುರಿದ ಆ ಹುಡಿಯು ಜೋಡಣೆಯು ಒಳಗೆ ಚಲಿಸುತ್ತಿದೆಯೆಂಬುದರ ಗುರುತು. ಹಾಗೆ ಕಂಡಾಗ ರೆಕ್ಕೆಯನ್ನು ಕೆಳಗಿನಿಂದ ಆನಿಸಿ, ಒಂದು ಸಲಕ್ಕೆ ಒಂದೇ ಬೋಲ್ಟನ್ನು ತೆಗೆದು, ರಂಧ್ರದ ಗೋಡೆಯನ್ನು ಪರೀಕ್ಷಿಸಬೇಕು. ಗೀರು ಮಾತ್ರವಿದ್ದು ಬಿರುಕಿಲ್ಲದಿದ್ದರೆ ರಂಧ್ರವನ್ನು ಮುಂದಿನ ಅಳತೆಗೆ ರೀಮರಿನಿಂದ ಹಿಗ್ಗಿಸಿ ದಪ್ಪ ಬೋಲ್ಟನ್ನು ಹಾಕಬಹುದು. ಆದರೆ ೩/೮ ಅಂಗುಲದಿಂದ ೭/೧೬ಕ್ಕೆ ಹೋದಾಗ ಅಂಚಿನ ದೂರವು ೧೯ರ ಬದಲು ೨೨ ಮಿಲಿಮೀಟರು ಬೇಕಾಗುತ್ತದೆ, ಎರಡು ಬದಿಗಳಲ್ಲಿ ಉಳಿಯುವ ಲೋಹವೂ ತುಸು ಕಡಮೆಯಾಗುತ್ತದೆ. ಪಟ್ಟಿಯನ್ನು ಮೊದಲು ಕತ್ತರಿಸಿದಾಗ ಬರಿಯ ೧೯ ಮಿಲಿಮೀಟರು ಬಿಟ್ಟವನು ಈಗ ರೆಕ್ಕೆಯ ತೊಲೆಯನ್ನೇ ಬದಲಿಸಬೇಕು. ನಕ್ಷೆಯಲ್ಲಿ ೨೩ ಬರೆದು, ಅಗಲದಲ್ಲಿಯೂ ಕೆಲವು ಮಿಲಿಮೀಟರು ಹೆಚ್ಚಿಗೆ ಇಟ್ಟಿದ್ದವನು ಒಂದು ಬೋಲ್ಟನ್ನು ಬದಲಿಸಿದರೆ ಸಾಕು.